ಒ. ಹೆನ್ರಿ: ಹೆಸರೊಂದರ ಮರೆಯಲ್ಲಿ

ಸಣ್ಣಕತೆಯ ಅಭ್ಯಾಸಿಗಳಿಗೆ ಒ. ಹೆನ್ರಿ ಅಪರಿಚಿತನಲ್ಲ. ಗಂಡನ ಗಡಿಯಾರಕ್ಕೆ ಸರಪಳಿ ಕೊಳ್ಳಲು ಕೂದಲನ್ನು ಮಾರಿದ ಹೆಂಡತಿ, ಆ ಕೂದಲಿಗೆ ಬಾಚಣಿಗೆ ಕೊಳ್ಳಲು ಗಡಿಯಾರವನ್ನೇ ಮಾರಿದ ಗಂಡ: ಈ ದಂಪತಿಗಳ ಕತೆ ಅನೇಕ ಭಾಷೆಗಳ ಪಠ್ಯಗಳಲ್ಲಿ ನೆಲೆಯೂರಿದೆ. ಆದರೆ ಕರ್ತೃವಿನ ಹೆಸರು ಲೋಕಪ್ರಸಿದ್ಧವಾದ ಬಗೆ ಮಾತ್ರ ಅಷ್ಟಾಗಿ ತಿಳಿದಿಲ್ಲ. ಆ ಹೆಸರಿನ ಕತೆಗಳು ಸೆರೆಮನೆಯ ಒಳಗಿನಿಂದ ಹೊರಟವು.

ಅವನ ನಿಜನಾಮ ವಿಲಿಯಂ ಸಿಡ್ನಿ ಪೋರ್ಟರ್. 1862ರ ಸೆಪ್ಟೆಂಬರ್ 11ರಂದು ಅಮೆರಿಕದ ಉತ್ತರ ಕೆರೊಲಿನಾದ ಗ್ರೀನ್ಸ್‌ಬರೊದಲ್ಲಿ ಹುಟ್ಟಿದ. ಮೂರರ ಹರೆಯದಲ್ಲಿ ತಾಯಿ ಕ್ಷಯದಿಂದ ತೀರಿಕೊಂಡಳು. ಚಿಕ್ಕಂದಿನಲ್ಲೇ ಬಂಧುವೊಬ್ಬರ ಔಷಧದ ಅಂಗಡಿಯಲ್ಲಿ ದುಡಿದು, 1881ರಲ್ಲಿ ಔಷಧ ತಯಾರಿಕೆಯ ಪರವಾನಗಿ ಪಡೆದ. ಮರುವರ್ಷ ಆರೋಗ್ಯ ಸುಧಾರಣೆಗೆಂದು ಟೆಕ್ಸಾಸಿಗೆ ಹೋದವನು ಅಲ್ಲಿಯೇ ನಿಂತ. 1887ರಲ್ಲಿ ಆಥಲ್ ಎಸ್ಟಿಸಳನ್ನು ವರಿಸಿದ. 1889ರಲ್ಲಿ ಮಗಳು ಮಾರ್ಗರೆಟ್ ಹುಟ್ಟಿದಳು. 1891ರಲ್ಲಿ ಆಸ್ಟಿನ್ ನಗರದ ಬ್ಯಾಂಕೊಂದರಲ್ಲಿ ನಗದು ಗುಮಾಸ್ತೆಯಾಗಿ ಸೇರಿದ.

ಅನರ್ಥಕ್ಕೆ ಮೂಲವಾದದ್ದು ಈ ನೌಕರಿಯೇ. ಬ್ಯಾಂಕಿನ ಲೆಕ್ಕಪತ್ರಗಳ ನಿರ್ವಹಣೆ ಅತ್ಯಂತ ಸಡಿಲವಾಗಿತ್ತು. 1894ರಲ್ಲಿ ಲೆಕ್ಕದಲ್ಲಿ ಕೊರತೆ ಕಂಡುಬಂದು ಪೋರ್ಟರ್ ಕೆಲಸ ಬಿಡಬೇಕಾಯಿತು. ಹ್ಯೂಸ್ಟನ್ನಿನ ಪತ್ರಿಕೆಯಲ್ಲಿ ಬರೆಯುತ್ತ ಹೊಸ ಬದುಕಿಗೆ ಹೊಂದಿಕೊಳ್ಳುತ್ತಿದ್ದಾಗ, 1896ರಲ್ಲಿ ಅವನ ಬಂಧನವಾಯಿತು. ಅವನು ನಿಜವಾಗಿ ಹಣ ತೆಗೆದನೇ, ಪರರ ತಪ್ಪನ್ನು ಹೊತ್ತನೇ ಎಂಬ ವಾದ ಇಂದಿಗೂ ಇತ್ಯರ್ಥವಾಗಿಲ್ಲ. ಆದರೆ ಅವನು ಮಾಡಿದ ಇನ್ನೊಂದು ತಪ್ಪು ನಿರ್ವಿವಾದ. ಆ ವರ್ಷದ ಜುಲೈಯಲ್ಲಿ, ವಿಚಾರಣೆಯ ಮುನ್ನಾದಿನ, ನ್ಯಾಯಾಲಯಕ್ಕೆ ಹೊರಟವನು ದಾರಿಯಲ್ಲಿ ರೈಲು ಬದಲಿಸಿ ನ್ಯೂ ಆರ್ಲಿಯನ್ಸಿಗೆ ಹೋದ. ಅಲ್ಲಿಂದ ಮಧ್ಯ ಅಮೆರಿಕದ ಹೊಂಡುರಾಸಿಗೆ. ನಿರಪರಾಧಿಯಾಗಿದ್ದರೂ ಓಡಿಹೋದವನನ್ನು ಯಾವ ಪಂಚರು ನಂಬಿಯಾರು? ಹೆಂಡತಿ ಸಾವಿನ ಅಂಚಿನಲ್ಲಿದ್ದಾಳೆಂದು ತಿಳಿದಾಗ, ಸೆರೆ ನಿಶ್ಚಿತವೆಂದು ಅರಿತೂ 1897ರ ಆರಂಭದಲ್ಲಿ ಹಿಂದಿರುಗಿ ಶರಣಾದ. ಜುಲೈಯಲ್ಲಿ ಆಥಲ್ ಕ್ಷಯದಿಂದ ಕಣ್ಮುಚ್ಚಿದಳು. ಮುಂದಿನ ಫೆಬ್ರವರಿಯಲ್ಲಿ ವಿಚಾರಣೆ ನಡೆಯಿತು. ತನ್ನ ಪರವಾಗಿ ಹೇಳಿಕೊಳ್ಳಲು ಅವನು ಹೆಚ್ಚೇನೂ ಯತ್ನಿಸಲಿಲ್ಲ. ಸುಮಾರು 854 ಡಾಲರುಗಳ ದುರುಪಯೋಗಕ್ಕೆ ಐದು ವರ್ಷಗಳ ಸೆರೆವಾಸ ವಿಧಿಸಲಾಯಿತು.

1898ರ ಮಾರ್ಚ್ 25ರಂದು ಓಹಾಯೊ ರಾಜ್ಯದ ಕೊಲಂಬಸ್ ಸೆರೆಮನೆಯಲ್ಲಿ ಅವನು 30664ನೆಯ ಕೈದಿಯಾದ. ಹುಡುಗನಾಗಿದ್ದಾಗ ಕಲಿತ ವಿದ್ಯೆ ಅಲ್ಲಿ ಕೈಹಿಡಿಯಿತು. ಸೆರೆಮನೆಯ ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ಕಂಪೌಂಡರ್ ಕೆಲಸ ದೊರಕಿತು. ಅಜ್ಜ-ಅಜ್ಜಿಯರ ಬಳಿ ಬೆಳೆಯುತ್ತಿದ್ದ ಮಗಳಿಗೆ ತಂದೆ ಕೆಲಸದ ನಿಮಿತ್ತ ದೂರ ಹೋಗಿದ್ದಾನೆಂದು ಹೇಳಲಾಗಿತ್ತು. ಅವಳಿಗೆ ಬರೆದ ಪತ್ರಗಳಲ್ಲಿ ವಿನೋದವಿದೆ, ಅಕ್ಕರೆಯಿದೆ. ತಾನಿರುವ ಸ್ಥಳದ ಸುಳಿವು ಮಾತ್ರ ಇಲ್ಲ. ಆ ಮಗುವಿಗೆ ಕಳುಹಿಸಲು ಹಣ ಬೇಕಿತ್ತು. ಅದಕ್ಕಾಗಿ ಕತೆ ಬರೆದ. ಲಕೋಟೆಯ ಮೇಲೆ ಸೆರೆಮನೆಯ ಊರು ಕಂಡರೆ ಯಾವ ಸಂಪಾದಕ ಮುಟ್ಟಿಯಾನು? ಕತೆಗಳು ಮೊದಲು ನ್ಯೂ ಆರ್ಲಿಯನ್ಸಿನ ಗೆಳೆಯನೊಬ್ಬನಿಗೆ ಹೋಗಿ, ಅಲ್ಲಿಂದ ಪತ್ರಿಕೆಗಳನ್ನು ತಲುಪುತ್ತಿದ್ದವು. 1899ರ ಡಿಸೆಂಬರಿನ ಮ್ಯಾಕ್‌ಕ್ಲೂರ್ಸ್ ಪತ್ರಿಕೆಯಲ್ಲಿ ಒ. ಹೆನ್ರಿ ಎಂಬ ಹೆಸರು ಕಾಣಿಸಿಕೊಂಡಿತು.

ಸನ್ನಡತೆಗಾಗಿ 1901ರ ಜುಲೈ 24ರಂದು ಬಿಡುಗಡೆಯಾಯಿತು. ಮರುವರ್ಷ ನ್ಯೂಯಾರ್ಕ್ ಸೇರಿದ; ಕೆಲವೇ ವರ್ಷಗಳಲ್ಲಿ ಅಲ್ಲಿನ ಭಾನುವಾರದ ಪತ್ರಿಕೆಯೊಂದಕ್ಕೆ ವಾರಕ್ಕೊಂದು ಕತೆ ಕೊಡುವಷ್ಟು ಬೇಡಿಕೆ ಬಂದಿತು. 1906ರಲ್ಲಿ ಬಂದ ‘ದಿ ಫೋರ್ ಮಿಲಿಯನ್’ ಕೀರ್ತಿಯನ್ನು ಹಬ್ಬಿಸಿತು. ಇತರ ಲೇಖಕರು ಹಂಬಲಿಸುವ ಈ ಕೀರ್ತಿ ಪೋರ್ಟರನ ಪಾಲಿಗೆ ಭಯವೂ ಆಗಿತ್ತು. ಹೆಸರು ದೊಡ್ಡದಾದಷ್ಟೂ ಹಳೆಯ ದಾಖಲೆಯನ್ನು ಯಾರಾದರೂ ಬಿಡಿಸಿ ನೋಡುವ ಸಂಭವ ಹೆಚ್ಚು. ಛಾಯಾಚಿತ್ರವೆಂದರೆ ಹಿಂಜರಿಕೆ, ಹೊಸಬರೊಡನೆ ಬಿಗುಮಾನ. ಸಂದರ್ಶನ ಕೊಟ್ಟದ್ದು 1909ರಲ್ಲಿ, ಮರಣಕ್ಕೆ ಒಂದು ವರ್ಷ ಮೊದಲು. ಕಾವ್ಯನಾಮದ ಹುಟ್ಟನ್ನು ಅಲ್ಲಿ ಲಘುವಾಗಿ ವಿವರಿಸಿದ, ಸೆರೆಮನೆಯ ಪ್ರಸ್ತಾಪ ಬರಲಿಲ್ಲ.

ಅದೇ ಸೆರೆಮನೆಯಲ್ಲಿ ಜೊತೆಗಿದ್ದ ಆಲ್ ಜೆನ್ನಿಂಗ್ಸನ ನಡೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅವನು ರೈಲು ದರೋಡೆಕೋರ. ಅಧ್ಯಕ್ಷ ರೂಸ್‌ವೆಲ್ಟರಿಂದ ಕ್ಷಮಾದಾನ ಪಡೆದು, ತನ್ನ ಗತವನ್ನು ಮುಚ್ಚಿಡದೆ 1914ರಲ್ಲಿ ಒಕ್ಲಹೋಮದ ಗವರ್ನರ್ ಹುದ್ದೆಗೇ ಸ್ಪರ್ಧಿಸಿದ. ಸೋತನೆಂಬುದು ಬೇರೆ ಮಾತು. ದರೋಡೆಗೆ ಸಾಹಸದ ಬಣ್ಣ ಹಚ್ಚಬಹುದು. ಬ್ಯಾಂಕಿನ ಲೆಕ್ಕದಲ್ಲಿ ಕಳೆದುಹೋದ ಎಂಟುನೂರು ಡಾಲರಿಗೆ ಯಾವ ಬಣ್ಣವೂ ಹತ್ತುವುದಿಲ್ಲ.

ಬಾಯಿಬಿಟ್ಟು ಹೇಳದಿದ್ದುದನ್ನು ಅವನು ಕತೆಯಲ್ಲಿ ಹೇಳಿದಂತಿದೆ. 1903ರ ‘ಎ ರಿಟ್ರೀವ್ಡ್ ರಿಫರ್ಮೇಷನ್’ ಕತೆಯ ಜಿಮ್ಮಿ ವ್ಯಾಲೆಂಟೈನ್ ತಿಜೋರಿ ಒಡೆಯುವುದರಲ್ಲಿ ನಿಪುಣ. ಸೆರೆಯಿಂದ ಬಂದು, ಹೆಸರು ಬದಲಿಸಿ, ಸಣ್ಣ ಊರಿನಲ್ಲಿ ಪಾದರಕ್ಷೆಯ ಅಂಗಡಿ ಹಾಕಿ ಮರ್ಯಾದಸ್ಥನಾಗುತ್ತಾನೆ, ಮದುವೆಯೂ ಗೊತ್ತಾಗುತ್ತದೆ. ಬ್ಯಾಂಕಿನ ಭದ್ರಕೋಣೆಯಲ್ಲಿ ಮಗುವೊಂದು ಸಿಕ್ಕಿಕೊಂಡಾಗ, ಎಲ್ಲರೆದುರು ಹಳೆಯ ಉಪಕರಣಗಳನ್ನು ತೆಗೆಯುತ್ತಾನೆ. ಅವನನ್ನು ಹಿಡಿಯಲು ಬಂದು ಬಾಗಿಲಲ್ಲಿ ನಿಂತಿದ್ದ ಪತ್ತೇದಾರ, ತನಗೆ ಪರಿಚಯವೇ ಇಲ್ಲವೆಂಬಂತೆ ನಟಿಸಿ ಹೊರಟುಹೋಗುತ್ತಾನೆ. ತಿರುವಿನ ಚಮತ್ಕಾರವೆಂದು ಮಾತ್ರ ಇದನ್ನು ಓದುವವರು ಆ ಪತ್ತೇದಾರನನ್ನು ಸರಿಯಾಗಿ ನೋಡಿಲ್ಲ. ಗುರುತಿದ್ದೂ ಗುರುತಿಸದೆ ಹೋಗುವ ಒಬ್ಬ ಮನುಷ್ಯ: ಕತೆಗಾರ ತನಗಾಗಿ ಬಯಸಿದ್ದು ಬಹುಶಃ ಅಷ್ಟೇ.

1907ರಲ್ಲಿ ಬಾಲ್ಯದ ಗೆಳತಿ ಸಾರಾ ಕೋಲ್ಮನ್ನಳನ್ನು ವಿವಾಹವಾದನಾದರೂ ಸಂಸಾರ ಬಹುಕಾಲ ಕೂಡಿ ಬರಲಿಲ್ಲ. ಮದ್ಯಪಾನ ದೇಹವನ್ನು ಕರಗಿಸಿತ್ತು. 1910ರ ಜೂನ್ 5ರಂದು, 47ನೆಯ ವಯಸ್ಸಿನಲ್ಲಿ, ನ್ಯೂಯಾರ್ಕಿನಲ್ಲಿ ಮರಣ ಹೊಂದಿದ. ಓದುಗರಿಗೆ ಸೆರೆವಾಸದ ಸಂಗತಿ ತಿಳಿದದ್ದು 1916ರಲ್ಲಿ, ಗ್ರೀನ್ಸ್‌ಬರೊದ ಬಾಲ್ಯಮಿತ್ರ ಆಲ್ಫೊನ್ಸೊ ಸ್ಮಿತ್ ಅವನ ಜೀವನಚರಿತ್ರೆಯನ್ನು ಪ್ರಕಟಿಸಿದಾಗ. ಕತೆಗಳ ಓದು ಅದರಿಂದ ತಗ್ಗಲಿಲ್ಲ; 1919ರಲ್ಲಿ ಅವನ ಹೆಸರಿನಲ್ಲಿ ಸಣ್ಣಕತೆಗೆ ಪ್ರಶಸ್ತಿಯೊಂದು ಸ್ಥಾಪನೆಯಾಯಿತು.

ಆಸ್ಟಿನ್ನಿನಲ್ಲಿ ಅವನಿಗೆ ಶಿಕ್ಷೆ ವಿಧಿಸಿದ ನ್ಯಾಯಾಲಯದ ಕಟ್ಟಡ ಇಂದಿಗೂ ಇದೆ. ಅದನ್ನೀಗ ಒ. ಹೆನ್ರಿ ಹಾಲ್ ಎಂದು ಕರೆಯುತ್ತಾರೆ.