ಇಂದಿನ ಧಮ್ಮ ಚಿಂತನೆ: ಮನಸ್ಸಿನ ಗಾಯ ಬಲ್ಲ ಮುಖಂಡ

 

1917ರಲ್ಲಿ ಬಾಬಾಸಾಹೇಬರು ವಿದೇಶದಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದರು. ಆಗ ಅವರಿಗೆ 26 ವರ್ಷ. ಮೈಲಿಗೆಯಾಗುತ್ತದೆಂದು ಕಚೇರಿಯ ಜವಾನರು ಕಡತಗಳನ್ನು ದೂರದಿಂದಲೇ ಎಸೆಯುತ್ತಿದ್ದರು. ಕುಡಿಯಲು ನೀರು ಸಿಗುತ್ತಿರಲಿಲ್ಲ. ತಂಗಿದ್ದ ಪಾರ್ಸಿ ವಸತಿಗೃಹದಿಂದಲೂ ಹೊರಹಾಕಿದರು. ಎಲ್ಲೂ ಜಾಗ ಸಿಗದೆ ಉದ್ಯಾನವೊಂದರಲ್ಲಿ ಗಂಟೆಗಟ್ಟಲೆ ಒಬ್ಬರೇ ಕುಳಿತರು. ಕೊನೆಗೆ ಕೆಲಸ ಬಿಟ್ಟು ಮುಂಬೈಗೆ ಮರಳಿದರು.

ಸಂಬಳ ಬಂದರೂ ಅವಮಾನ ಮನಸ್ಸನ್ನು ಮುರಿಯುತ್ತದೆ ಎಂಬುದನ್ನು ಅವರು ಉಂಡು ತಿಳಿದಿದ್ದರು. ಮುಂಬೈ ಗಿರಣಿಗಳ ನೇಯ್ಗೆ ವಿಭಾಗಕ್ಕೆ ನಮ್ಮವರನ್ನು ಸೇರಿಸದಿದ್ದಾಗ ಕಾರ್ಮಿಕ ಸಂಘದ ಮುಖಂಡರನ್ನೇ ಪ್ರಶ್ನಿಸಿದರು. 1936ರಲ್ಲಿ ಸ್ವತಂತ್ರ ಕಾರ್ಮಿಕ ಪಕ್ಷ ಕಟ್ಟಿದರು. ಮುಷ್ಕರದ ಹಕ್ಕು ಕಸಿಯುವ ಮಸೂದೆಯ ವಿರುದ್ಧ 1938ರ ನವೆಂಬರ್ 7ರಂದು ನಡೆದ ಮುಷ್ಕರದ ಮುಂಚೂಣಿಯಲ್ಲಿದ್ದರು. 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡರು. ಅವರು ತಂದ ಮಸೂದೆಯಿಂದ ಕಾರ್ಖಾನೆಯ ದುಡಿಮೆ ವಾರಕ್ಕೆ 54 ಗಂಟೆಯಿಂದ 48ಕ್ಕೆ ಇಳಿಯಿತು.

ಮುಖಂಡರನ್ನು ತಯಾರು ಮಾಡಬೇಕೆಂದು 1956ರಲ್ಲಿ, ದೇಹ ಸೋತಿದ್ದಾಗಲೂ, ಮುಂಬೈನಲ್ಲಿ ರಾಜಕೀಯ ತರಬೇತಿ ಶಾಲೆ ತೆರೆದರು. ಅದೇ ಅಕ್ಟೋಬರ್ 14ರಂದು ನಮಗೆ ಧಮ್ಮ ಕೊಟ್ಟರು. ಡಿಸೆಂಬರ್ 6ರಂದು ಪರಿನಿಬ್ಬಾಣ ಹೊಂದಿದರು.

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ನಮ್ಮ ಬಳಗದಲ್ಲೂ ಪೌರಕಾರ್ಮಿಕರ, ಅಂಗನವಾಡಿ ಕಾರ್ಯಕರ್ತೆಯರ, ಸಾರಿಗೆ ನೌಕರರ ಸಂಘಗಳಲ್ಲಿ ದುಡಿಯುವವರಿದ್ದೀರಿ. ಸಂಬಳದ ಬೇಡಿಕೆ ಬರೆಯುವ ಮುನ್ನ ಒಮ್ಮೆ ವಿಚಾರಿಸಿ: ಮಾತು ಕಡಿಮೆ ಮಾಡಿರುವ ಆ ಜೊತೆಗಾರನಿಗೆ ರಾತ್ರಿ ನಿದ್ದೆ ಬರುತ್ತಿದೆಯೇ? ಕೆಲಸದ ಜಾಗದಲ್ಲಿ ಯಾರಾದರೂ ಹೀಯಾಳಿಸುತ್ತಿದ್ದಾರೆಯೇ? ಕೇಳಿಸಿಕೊಳ್ಳುವುದೇ ಕರುಣೆಯ ಮೊದಲ ಹೆಜ್ಜೆ, ಸಂಘಟನೆಯದೂ ಅದೇ.

ಜೈಭೀಮ್.