ಮನೋರೋಗಿಗಳ ಬಂಧು ಡಾ. ಗೋವಿಂದಸ್ವಾಮಿ

ಗಣೇಶಗುಡಿಯಂಥ ಊರುಗಳಲ್ಲಿ ಮನೆಯವರ ಮನೋರೋಗವನ್ನು ನಾಚಿಕೆಯಿಂದ ಮುಚ್ಚಿಡುವವರು ಇಂದಿಗೂ ಉಂಟು. ಅಂಥವರು ಡಾ. ಎಂ.ವಿ. ಗೋವಿಂದಸ್ವಾಮಿಯವರ ಬಾಳನ್ನು ಅರಿಯಬೇಕು.

ಬೆಂಗಳೂರಿನ ಹುಚ್ಚಾಸ್ಪತ್ರೆಗೆ 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರು ಬಂತು. ಮುಂದೆ ಅದರ ಮುಖ್ಯಸ್ಥರಾದ ಗೋವಿಂದಸ್ವಾಮಿಯವರು ವಿದೇಶದಲ್ಲಿ ಕಲಿತು ಬಂದವರು. ಆದರೂ ಪಾಶ್ಚಾತ್ಯ ವೈದ್ಯವೊಂದನ್ನೇ ನೆಚ್ಚದೆ, ದೇಹ-ಮನಸ್ಸುಗಳನ್ನು ಒಟ್ಟಾಗಿ ಕಾಣುವ ಆಯುರ್ವೇದ ಹಾಗೂ ಭಾರತೀಯ ತತ್ವಶಾಸ್ತ್ರಗಳಲ್ಲಿ ಮನೋವೈದ್ಯರು ಸಂಶೋಧನೆ ನಡೆಸಬೇಕೆಂದು 1949ರಲ್ಲೇ ವಾದಿಸಿದರು. 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಗೆ ಅವರೇ ಮೊದಲ ನಿರ್ದೇಶಕರು. 1961ರಲ್ಲಿ ತೀರಿಕೊಂಡರು. ಆ ಆಸ್ಪತ್ರೆಯೂ ಸಂಸ್ಥೆಯೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು.

ಮನೋರೋಗವು ಯಾರ ಪಾಪದ ಫಲವೂ ಅಲ್ಲ, ಜ್ವರದಂತೆ ಅದೂ ಒಂದು ಕಾಯಿಲೆ. ಬಳಲುವವರನ್ನು ಬಚ್ಚಿಡದೆ ವೈದ್ಯರ ಬಳಿಗೆ ಕರೆದೊಯ್ಯುವುದೇ ಮನೆಯವರು ತೋರಬೇಕಾದ ಪ್ರೀತಿ.