ಇನ್ನೊಬ್ಬ ತಾಯಿಯ ಮಡಿಲಿಗೆ



ಬಾಲಯೇಸುವಿನ ಸಂತ ತೆರೇಸಮ್ಮನವರನ್ನು ಅರಿಯದ ಕಥೋಲಿಕ ಮನೆ ನಮ್ಮಲ್ಲಿ ಅಪರೂಪ. ಶಿಲುಬೆಯನ್ನೂ ರೋಜಾ ಹೂಗಳನ್ನೂ ಎದೆಗವಚಿಕೊಂಡ ಆ ಕಾರ್ಮೆಲ್ ಕನ್ಯೆಯ ಪಟ ಎಷ್ಟೋ ಮನೆಗಳ ಗೋಡೆಯ ಮೇಲಿದೆ. ಆದರೆ ಹುಟ್ಟಿದ ಎರಡೇ ತಿಂಗಳಲ್ಲಿ ಆ ಮಗು ಸಾವಿನ ಬಾಗಿಲಿಗೆ ಹೋಗಿತ್ತು. ಅದನ್ನು ಉಳಿಸಿಕೊಳ್ಳಲು ಹೆತ್ತ ತಾಯಿ ಒಂದು ವರ್ಷ ಕಾಲ ಬೇರೊಬ್ಬ ತಾಯಿಯ ಮಡಿಲಿಗೆ ಒಪ್ಪಿಸಬೇಕಾಯಿತು. ಈ ಸಂಗತಿ ನಿಮ್ಮಲ್ಲಿ ಹಲವರಿಗೆ ತಿಳಿದಿರಲಾರದು. ಆ ತಾಯಿ ಸಂತ ಝೆಲಿ ಮಾರ್ಟಿನ್. ಎದೆಯಲ್ಲಿ ಹಾಲಿಲ್ಲವೆಂದು ಕಣ್ಣೀರಿಡುವ ಬಾಣಂತಿ ನಿಮ್ಮ ಮನೆಯಲ್ಲಿದ್ದರೆ, ಈ ಬದುಕನ್ನು ಅವಳ ಮುಂದೆ ಓದಿರಿ.

ಝೆಲಿ ಹುಟ್ಟಿದ್ದು 1831ರ ಡಿಸೆಂಬರ್ 23ರಂದು, ಫ್ರಾನ್ಸಿನ ನಾರ್ಮಂಡಿ ಸೀಮೆಯಲ್ಲಿ. ಧರ್ಮಭಗಿನಿಯಾಗಿ ರೋಗಿಗಳ ಸೇವೆ ಮಾಡಬೇಕೆಂಬ ಹಂಬಲ ಅವರದು. ಆದರೆ ಅಲೆನ್ಸೋನ್ ಪಟ್ಟಣದ ಕನ್ಯಾಮಠ ಅವರನ್ನು ಸೇರಿಸಿಕೊಳ್ಳಲಿಲ್ಲ. ಮನಸ್ಸು ಮುರಿದು ಕೂರದೆ ಅವರು ಆ ಊರಿನ ಹೆಸರಾಂತ ಲೇಸ್ ಹೆಣಿಗೆಯನ್ನು ಕಲಿತು, ಸ್ವಂತ ಕಸುಬು ಕಟ್ಟಿ, ಬೇರೆ ಹೆಂಗಸರಿಗೂ ಕೆಲಸ ಕೊಟ್ಟರು. 1858ರ ಜುಲೈ 13ರಂದು ಗಡಿಯಾರ ರಿಪೇರಿಯ ಲೂಯಿ ಮಾರ್ಟಿನ್ ಅವರೊಂದಿಗೆ ವಿವಾಹವಾಯಿತು. 1860ರಿಂದ 1873ರೊಳಗೆ ದೇವರು ಈ ದಂಪತಿಗೆ ಒಂಬತ್ತು ಮಕ್ಕಳನ್ನು ಕೊಟ್ಟರು.

ಮೊದಲ ಮಕ್ಕಳಿಗೆ ಝೆಲಿಯವರು ತಾವೇ ಹಾಲೂಡಿಸಿದರು. ಆಮೇಲೆ ಅವರ ಸ್ತನದಲ್ಲಿ ಗಂಟೊಂದು ಬಾಧೆ ಕೊಡತೊಡಗಿತು. 1865ರಲ್ಲಿ ಈ ವಿಷಯವನ್ನು ತಮ್ಮ ಸೋದರ ಇಸಿದೋರರಿಗೆ ಪತ್ರದಲ್ಲಿ ತಿಳಿಸಿದರು. ನಂತರ ಹುಟ್ಟಿದ ಮಕ್ಕಳಿಗೆ ಏನು ದಾರಿ? ಅಂದು ಇದ್ದದ್ದು ಎರಡೇ. ಒಂದು, ಸೀಸೆಯ ಹಾಲು. ಸೀಸೆಯನ್ನು ಕುದಿಸಿ ಶುದ್ಧ ಮಾಡಬೇಕೆಂಬ ಅರಿವು ಜನರಲ್ಲಿ ಇನ್ನೂ ಮೂಡಿರದ ಕಾಲವದು. ಸೀಸೆಯ ಹಾಲು ಕುಡಿದ ಹಸುಳೆಗಳು ಭೇದಿಯಿಂದ ಸಾಯುವುದು ಸಾಮಾನ್ಯವಾಗಿತ್ತು. ಇನ್ನೊಂದು, ಹಾಲೂಡಿಸುವ ದಾದಿ. ಹಳ್ಳಿಯ ಹಾಲುಣಿಸುವ ತಾಯಂದಿರಿಗೆ ಹಣ ಕೊಟ್ಟು ಕೂಸನ್ನು ಒಪ್ಪಿಸುವುದು ಅಲ್ಲಿನ ವಾಡಿಕೆ. ಝೆಲಿ ಈ ದಾರಿ ಹಿಡಿದರು. ಅವರ ಇಬ್ಬರು ಗಂಡು ಕೂಸುಗಳನ್ನು ಸೆಮಾಲೆ ಹಳ್ಳಿಯ ರೋಸ್ ತಾಯೆ ಎಂಬ ರೈತ ಮಹಿಳೆ ಪ್ರೀತಿಯಿಂದ ನೋಡಿಕೊಂಡರು. ಆದರೂ ಇಬ್ಬರೂ ವರ್ಷ ತುಂಬುವ ಮೊದಲೇ ತೀರಿಕೊಂಡರು.

1870 ಇನ್ನೂ ಕಠಿಣವಾಗಿತ್ತು. ಫೆಬ್ರವರಿಯಲ್ಲಿ ಐದು ವರ್ಷದ ಹೆಲೆನ್ ತೀರಿಕೊಂಡಳು. ಆಗಸ್ಟಿನಲ್ಲಿ ಹುಟ್ಟಿದ ಹೆಣ್ಣು ಮಗುವನ್ನು ಊರಲ್ಲೇ ಇದ್ದ ಒಬ್ಬ ದಾದಿಗೆ ಒಪ್ಪಿಸಿದರು. ಆ ಹೆಂಗಸು ಮಗುವಿಗೆ ಸರಿಯಾಗಿ ಹಾಲೇ ಕೊಡಲಿಲ್ಲ. ವಿಷಯ ತಿಳಿದು ಝೆಲಿ ಮಗುವನ್ನು ಮನೆಗೆ ತಂದಾಗ ಹೊತ್ತು ಮೀರಿತ್ತು. ಅಕ್ಟೋಬರ್ 8ರಂದು ಅದು ಕಣ್ಣು ಮುಚ್ಚಿತು. ನಂಬಿ ಒಪ್ಪಿಸಿದ ಕೂಸು ಹಸಿವಿನಿಂದ ಸತ್ತರೆ ತಾಯಿಯ ಕರುಳು ಹೇಗಿದ್ದೀತು, ನೀವೇ ಯೋಚಿಸಿರಿ. ಹಣಕ್ಕಾಗಿ ಸಾಕುವ ಇಂಥ ಶಿಶುಗಳ ಮೇಲೆ ಸರ್ಕಾರದ ನಿಗಾ ಇರಬೇಕೆಂಬ ಕಾನೂನು ಫ್ರಾನ್ಸಿನಲ್ಲಿ ಬಂದದ್ದು 1874ರ ಕೊನೆಗೆ.

1873ರ ಜನವರಿ 2ರಂದು ಒಂಬತ್ತನೆಯ ಮಗು ತೆರೇಸಾ ಹುಟ್ಟಿದಳು. ಝೆಲಿಯವರಿಗೆ ಆಗ ನಲವತ್ತೊಂದು ವರ್ಷ. ಈ ಸಲ ಯಾರಿಗೂ ಒಪ್ಪಿಸುವುದಿಲ್ಲ, ಮನೆಯಲ್ಲೇ ಸಾಕುತ್ತೇನೆ ಎಂದು ಅವರು ಹಟ ಹಿಡಿದದ್ದರಲ್ಲಿ ಆಶ್ಚರ್ಯವೇನು? ಆದರೆ ಎದೆಹಾಲು ಸಾಲಲಿಲ್ಲ, ಸೀಸೆಯ ಹಾಲು ಒಗ್ಗಲಿಲ್ಲ. ಕರುಳಿನ ಬೇನೆಯಿಂದ ಮಗು ಸೊರಗಿತು. ದಾದಿಯ ಎದೆಹಾಲೊಂದೇ ಉಳಿಸಬಲ್ಲದು ಎಂದು ಮಾರ್ಚ್ ತಿಂಗಳಲ್ಲಿ ವೈದ್ಯರು ಖಚಿತವಾಗಿ ಹೇಳಿದರು.

ಮರುದಿನ ನಸುಕಿನಲ್ಲೇ ಝೆಲಿ ಸುಮಾರು ಎಂಟು ಕಿಲೋಮೀಟರ್ ದೂರದ ಸೆಮಾಲೆಗೆ ಒಬ್ಬಂಟಿಯಾಗಿ ನಡೆದುಹೋದರು, ರೋಸ್ ತಾಯೆಯ ಮನೆಬಾಗಿಲಿಗೆ. ರೋಸ್‌ಗೆ ಆಗ ನಾಲ್ವರು ಮಕ್ಕಳು. ಕೊನೆಯದು ಇನ್ನೂ ಎಳೆಯದು. ಗಂಡನಿಗೆ ಪೂರ್ತಿ ಮನಸ್ಸಿರಲಿಲ್ಲ. ಆದರೂ ಆ ತಾಯಿ ಹೊರಟುಬಂದರು. ಸೊರಗಿದ ಕೂಸನ್ನು ಕಂಡು, ಬಂದದ್ದು ವ್ಯರ್ಥವೆಂಬಂತೆ ತಲೆ ಅಲ್ಲಾಡಿಸಿದರು. ಝೆಲಿ ಮಹಡಿ ಹತ್ತಿ ಸಂತ ಜೋಸೆಫರ ಸ್ವರೂಪದ ಮುಂದೆ ಮೊಣಕಾಲೂರಿ, ಮಗುವನ್ನು ಉಳಿಸೆಂದು ಬೇಡಿದರು. ಕರೆದುಕೊಳ್ಳುವುದೇ ದೇವರ ಚಿತ್ತವಾದರೆ ಅದಕ್ಕೂ ತಲೆಬಾಗಿದರು. ಕೆಳಗಿಳಿದಾಗ ಮಗು ರೋಸ್‌ರ ಎದೆಗೆ ಬಾಯಿಟ್ಟು ಹಾಲು ಕುಡಿಯುತ್ತಿತ್ತು! ಕುಡಿದ ಮೇಲೆ ಸತ್ತಂತೆ ಒರಗಿತು. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದು ತಾಯಿಯನ್ನು ನೋಡಿ ನಕ್ಕಿತು.

ಅದೇ ತಿಂಗಳಲ್ಲಿ ತೆರೇಸಾ ಸೆಮಾಲೆಗೆ ಹೋದಳು. ದನಕರು, ಹುಲ್ಲು, ಬಿಸಿಲು, ಗಾಳಿಯ ನಡುವೆ ಮೈ ತುಂಬಿಕೊಂಡು ಬೆಳೆದಳು. ರೋಸ್ ಬೆಣ್ಣೆ ಮಾರಲು ಅಲೆನ್ಸೋನ್ ಸಂತೆಗೆ ಬರುವಾಗ ಮಗುವನ್ನೂ ತರುತ್ತಿದ್ದರು. ಆದರೆ ಮಗು ಹೆತ್ತಮ್ಮನ ಮನೆಯಲ್ಲಿ ನಿಲ್ಲದೆ ರೋಸ್‌ಗಾಗಿ ಅಳುತ್ತಿತ್ತು. ಸಂತೆಗೆ ಒಯ್ದು ಅವರನ್ನು ತೋರಿಸಿದರೇ ಸುಮ್ಮನಾಗುತ್ತಿತ್ತು. ತನ್ನ ಕೂಸು ಇನ್ನೊಬ್ಬಳಿಗಾಗಿ ಅಳುವುದನ್ನು ನೋಡುವುದು ಯಾವ ತಾಯಿಗೆ ಸುಲಭ? ಝೆಲಿ ಅದನ್ನು ಸಹಿಸಿದರು. ಮಗು ತನ್ನದಾಗಿ ಕಾಣುವುದಕ್ಕಿಂತ ಅದು ಬದುಕುವುದು ಅವರಿಗೆ ದೊಡ್ಡದಾಗಿತ್ತು. 1874ರ ಏಪ್ರಿಲ್ 2ರಂದು ತೆರೇಸಾ ಆರೋಗ್ಯವಂತ ಮಗುವಾಗಿ ಮನೆಗೆ ಮರಳಿದಳು.

ಎದೆಯ ಗಂಟು ಮಾತ್ರ ಸುಮ್ಮನಿರಲಿಲ್ಲ. 1876ರ ಡಿಸೆಂಬರಿನಲ್ಲಿ ವೈದ್ಯರಿಗೆ ತೋರಿಸಿದಾಗ ಶಸ್ತ್ರಚಿಕಿತ್ಸೆಯ ಕಾಲ ಮೀರಿತ್ತು. 1877ರ ಆಗಸ್ಟ್ 28ರಂದು, ನಲವತ್ತೈದನೆಯ ವಯಸ್ಸಿನಲ್ಲಿ ಝೆಲಿ ಪ್ರಭುವಿನ ಪಾದ ಸೇರಿದರು. ಉಳಿದ ಐವರು ಹೆಣ್ಣುಮಕ್ಕಳೂ ಧರ್ಮಭಗಿನಿಯರಾದರು. ತೆರೇಸಾ 1925ರಲ್ಲಿ ಸಂತರ ಸಾಲಿಗೆ ಸೇರಿದರು. ಅವರ ತಂದೆತಾಯಿಯನ್ನು 2015ರ ಅಕ್ಟೋಬರ್ 18ರಂದು ಪೋಪ್ ಫ್ರಾನ್ಸಿಸ್ ಅವರು ಜೊತೆಯಾಗಿ ಸಂತರೆಂದು ಘೋಷಿಸಿದರು. ರೋಸ್ ತಾಯೆಗೆ ಯಾವ ಪೀಠವೂ ಇಲ್ಲ. ಆದರೆ ಅವರ ಹಾಲಿಲ್ಲದಿದ್ದರೆ ಪುಟ್ಟ ಪುಷ್ಪ ಅರಳುತ್ತಿರಲಿಲ್ಲ.

ಪ್ರಿಯ ತಾಯಂದಿರೇ, ಎದೆಹಾಲಿಗೆ ಸಮನಾದದ್ದು ಇಲ್ಲ. ಮೊದಲ ಆರು ತಿಂಗಳು ಅದೊಂದೇ ಸಾಕು. ಜೇನು, ಸಕ್ಕರೆ ನೀರು ಯಾವುದೂ ಬೇಡ. ಹೆರಿಗೆಯ ಮೊದಲ ದಿನಗಳ ಹಳದಿ ಹಾಲನ್ನು ಹಿಂಡಿ ಚೆಲ್ಲಬೇಡಿರಿ. ಆದರೂ ಕೆಲವರಿಗೆ ಹಾಲು ಸಾಲದೆ ಹೋಗಬಹುದು. ಆಗ ಇಂದು ಝೆಲಿಯವರಿಗಿಲ್ಲದ ದಾರಿಗಳಿವೆ. ತಾಯಂದಿರು ದಾನವಾಗಿ ಕೊಟ್ಟ ಹಾಲನ್ನು ಪರೀಕ್ಷಿಸಿ, ಝೆಲಿಯವರ ನಾಡಿನವರೇ ಆದ ಲೂಯಿ ಪಾಶ್ಚರರ ಹೆಸರಿನ ವಿಧಾನದಲ್ಲಿ ಕಾಯಿಸಿ, ಅಗತ್ಯವಿರುವ ಶಿಶುಗಳಿಗೆ ಕೊಡುವ ಹಾಲಿನ ಬ್ಯಾಂಕುಗಳಿವೆ. ನಮ್ಮ ದೇಶದಲ್ಲಿ ಇಂಥ ಮೊದಲ ಬ್ಯಾಂಕು ಮುಂಬಯಿಯ ಸಯಾನ್ ಆಸ್ಪತ್ರೆಯಲ್ಲಿ 1989ರಲ್ಲಿ ಆರಂಭವಾಯಿತು. ವೈದ್ಯರು ಪುಡಿಹಾಲು ಬರೆದುಕೊಟ್ಟರೆ ಕುದಿಸಿದ ನೀರಿನಲ್ಲಿ ಹೇಳಿದ ಅಳತೆಗೆ ಬೆರೆಸಿ, ತೊಳೆದು ಕುದಿಸಿದ ಒಳಲೆಯಲ್ಲೋ ಚಮಚದಲ್ಲೋ ಕುಡಿಸಿರಿ. ಎದೆಯಲ್ಲಿ ಗಂಟು ಕಂಡರೆ ನಾಚಿಕೊಂಡು ಮುಚ್ಚಿಡಬೇಡಿರಿ, ಅಂದೇ ತೋರಿಸಿರಿ.

ಅತ್ತೆಯರೇ, ಅಮ್ಮಂದಿರೇ, ಹಾಲಿಲ್ಲದ ಬಾಣಂತಿಯನ್ನು ಹಂಗಿಸುವ ಮುನ್ನ ನಸುಕಿನಲ್ಲಿ ಸೆಮಾಲೆಗೆ ನಡೆದ ಆ ತಾಯಿಯನ್ನು ನೆನೆಯಿರಿ. ತನ್ನಿಂದಾಗದೆಂದು ಒಪ್ಪಿಕೊಂಡು ಇನ್ನೊಬ್ಬರ ಬಾಗಿಲು ತಟ್ಟುವುದೂ ತಾಯ್ತನವೇ. ಸಂತ ಝೆಲಿಯವರೇ, ನಮ್ಮ ತಾಯಂದಿರಿಗಾಗಿಯೂ ಅವರ ಹಸುಳೆಗಳಿಗಾಗಿಯೂ ಪ್ರಾರ್ಥಿಸಿರಿ.